ಕಾಬೂಲಿನ ಬಸ್ ಡ್ರೈವರು, ನನ್ನ ಕೊರೊಲಾ

ಒಂದು ದಿನ ನಾನೇ ಓಡಿಸಿಕೊಂಡು ಹೋಗಿ ನಿಮಗೆ ಸಮುದ್ರ ತೋರಿಸುತ್ತೇನೆ ಎಂದು ಲತೀಫಾ ತನ್ನ ಅತ್ತೆಗೆ ಮಾತು ಕೊಟ್ಟದ್ದು ಕಾಬೂಲಿನಲ್ಲಿ, ಸಾವಿರದ ಒಂಬೈನೂರ ಎಂಬತ್ತೊಂದರಲ್ಲಿ. ಆ ದೇಶಕ್ಕೆ ಸಮುದ್ರವೇ ಇಲ್ಲ. ಅವಳು ಓಡಿಸುತ್ತಿದ್ದದ್ದು ಟ್ರಾಲಿಬಸ್ಸು. ಮಾಡಿನ ಮೇಲಿನ ಎರಡು ಉದ್ದ ಕೋಲುಗಳು ಕರೆಂಟಿನ ತಂತಿಗೆ ತಾಗಿಕೊಂಡಿದ್ದರೆ ಮಾತ್ರ ಓಡುವ, ತಂತಿ ಮುಗಿದಲ್ಲಿ ನಿಂತುಬಿಡುವ ಬಸ್ಸು. ಅದರಲ್ಲಿ ಸಮುದ್ರಕ್ಕೆ ಹೋಗುವುದು ಹೇಗೆಂದು ಅತ್ತೆಯೂ ಕೇಳಲಿಲ್ಲ, ಸೊಸೆಯೂ ಹೇಳಲಿಲ್ಲ.

ನನಗೆ ಇದು ಗೊತ್ತಾದದ್ದು ಹದಿನೇಳು ವರ್ಷ ಕಳೆದ ಮೇಲೆ, ಸ್ಯಾನ್ ಡಿಯಾಗೊದ ಮೀರಾ ಮೆಸಾದಲ್ಲಿ, ನಮ್ಮ ಅಪಾರ್ಟ್‌ಮೆಂಟಿನವರೆಲ್ಲ ಬಟ್ಟೆ ಒಗೆಯುವ ಕೋಣೆಯಲ್ಲಿ. ನಾನು ವಾರದಲ್ಲಿ ಆರು ದಿನ ಔಷಧಿ ಅಂಗಡಿಯ ಕೌಂಟರಿನ ಹಿಂದೆ ನಿಂತು ಮಾತ್ರೆ ಎಣಿಸುವವಳು. ಗಂಡ ಉಮಾನಾಥ ಸ್ಯಾನ್ ಪೀಡ್ರೊ ಬಂದರಿನ ಒಂದು ಹಡಗು ಕಂಪನಿಯ ಆಫೀಸಿನಲ್ಲಿ. ಸೋಮವಾರ ಹೋದರೆ ಶುಕ್ರವಾರ ಸಂಜೆ ಬರುವುದು. ಹದಿಮೂರು ವರ್ಷದ ಮಗಳು ನವ್ಯಾ ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು. ಹೀಗಿರುವಾಗ ದೊಡ್ಡವರ ಜೊತೆ ನಾಲ್ಕು ಮಾತಾಡಲು ನನಗೆ ಸಿಗುತ್ತಿದ್ದ ಜಾಗವೆಂದರೆ ಆ ಕೋಣೆಯೇ. ಲತೀಫಾ ಎದುರಿನ ಬ್ಲಾಕಿನವಳು. ಹತ್ತಿರದ ದರ್ಜಿ ಅಂಗಡಿಯಲ್ಲಿ ಪ್ಯಾಂಟುಗಳ ಕಾಲು ಮಡಚಿ ಹೊಲಿಯುತ್ತಿದ್ದಳು. ನಮ್ಮ ಮಾತೆಲ್ಲ ಹಿಂದಿಯಲ್ಲಿ. ಅವಳದು ಸಿನಿಮಾ ನೋಡಿ ಕಲಿತ ಹಿಂದಿ, ನನ್ನದು ಶಾಲೆಯಲ್ಲಿದ್ದಾಗ ಕಟ್ಟಿದ ಪ್ರಥಮಾ, ಮಧ್ಯಮಾ ಪರೀಕ್ಷೆಗಳ ಹಿಂದಿ. ಸೋಪಿನ ಪುಡಿ ಮುಗಿದಿದೆ ಎನ್ನುವುದನ್ನೂ ಅವಳು ಪ್ರೇಮಿಯನ್ನು ಕಳೆದುಕೊಂಡವಳ ಹಾಗೆ ಹೇಳುತ್ತಿದ್ದಳು. ನಾನು ಹಸುವಿನ ಮೇಲೆ ಪ್ರಬಂಧ ಓದಿದ ಹಾಗೆ ಉತ್ತರಿಸುತ್ತಿದ್ದೆ.

ಅವಳ ಅತ್ತೆಯ ಹೆಸರು ಬೀಬೀ ಗುಲ್. ಮದುವೆಯಾಗಿ ಬಂದ ಹೊಸತರಲ್ಲಿ ಲತೀಫಾ ಬಸ್ಸಿನ ಕೆಲಸಕ್ಕೆ ಹೋಗುತ್ತೇನೆಂದಾಗ ಗಂಡನ ಕಡೆಯ ನೆಂಟರು ಮುಖ ಊದಿಸಿಕೊಂಡರಂತೆ. ಬೀಬೀ ಗುಲ್ ಏನೂ ವಾದ ಮಾಡಲಿಲ್ಲ. ಸೊಸೆಯ ಕೆಲಸದ ಮೊದಲ ದಿನ ನೀಲಿ ಬುರ್ಖಾ ಹಾಕಿಕೊಂಡು, ಒಂದು ಗಂಟು ರೊಟ್ಟಿ ಕಟ್ಟಿಕೊಂಡು, ಬಸ್ಸಿನ ಮುಂದಿನ ಸೀಟಿನಲ್ಲಿ ಕೂತರು. ಬೆಳಗ್ಗಿನಿಂದ ಸಂಜೆಯವರೆಗೆ ಹನ್ನೊಂದು ಟ್ರಿಪ್ಪು, ಇಳಿಯಲೇ ಇಲ್ಲ. ಯಾರೋ ಒಬ್ಬ ಬಾಗಿಲಲ್ಲಿ ನಿಂತು, "ಹೆಂಗಸು ಓಡಿಸುವ ಬಸ್ಸು ನಾನು ಹತ್ತುವುದಿಲ್ಲ" ಎಂದನಂತೆ. ಬುರ್ಖಾದ ಒಳಗಿನಿಂದ ಉತ್ತರ ಬಂತು: "ಹತ್ತಬೇಡಪ್ಪ. ನಡೆದುಕೊಂಡು ಹೋಗು. ನಿನ್ನ ಹೊಟ್ಟೆಗೂ ಒಳ್ಳೆಯದು."

ಕೊನೆಯ ಟ್ರಿಪ್ಪು ಮುಗಿದು ಬಸ್ಸು ಖಾಲಿಯಾದ ಮೇಲೆ ಬೀಬೀ ಗುಲ್ ಕೇಳಿದರು. "ಇದರಿಂದ ಮುಂದೆ ಯಾಕೆ ಹೋಗುವುದಿಲ್ಲ?"

"ಮುಂದೆ ತಂತಿ ಇಲ್ಲ ಬೀಬೀ ಜಾನ್."

"ಇದ್ದಿದ್ದರೆ?"

"ಇದ್ದಿದ್ದರೆ ಸಮುದ್ರದವರೆಗೂ ಹೋಗಬಹುದಿತ್ತು."

ಆಗಲೇ ಲತೀಫಾ ಮಾತು ಕೊಟ್ಟದ್ದು. ಆವತ್ತು ಅವಳಿಗೆ ಇಪ್ಪತ್ತೆರಡು ವರ್ಷ.

ಲತೀಫಾಳ ಗಂಡ ಅಜ್ಮಲ್ ಆ ಬಸ್ಸುಗಳ ತಂತಿ ನೋಡಿಕೊಳ್ಳುವ ಮೆಕ್ಯಾನಿಕ್ ಆಗಿದ್ದವನು. ಬಸ್ಸು ಕೊಂಚ ಪಕ್ಕಕ್ಕೆ ಸರಿದರೂ ಮೇಲಿನ ಕೋಲು ತಂತಿಯಿಂದ ಜಾರುತ್ತಿತ್ತು. ಹಗ್ಗ ಹಿಡಿದೆಳೆದು ಅದನ್ನು ಮತ್ತೆ ಕೂರಿಸುವುದು ಅವನ ಕೆಲಸ. ಸ್ಟಿಯರಿಂಗ್ ಮುಟ್ಟಿದವನಲ್ಲ. ತೊಂಬತ್ತೆರಡರಲ್ಲಿ ಕಾಬೂಲನ್ನು ಗುಂಪುಗಳು ಬೀದಿಬೀದಿಯಾಗಿ ಹಂಚಿಕೊಂಡು ಒಂದರ ಮೇಲೊಂದು ರಾಕೆಟ್ಟು ಬಿಡತೊಡಗಿದಾಗ ಡಿಪೋ ಸುಟ್ಟುಹೋಯಿತು. ಉಳಿದ ತಂತಿಯನ್ನು ತಾಮ್ರದ ಆಸೆಗೆ ಕಿತ್ತು ಮಾರಿದರು. "ನನ್ನ ಹೆಂಡತಿಯ ದಾರಿಯನ್ನು ಸುರುಳಿ ಸುತ್ತಿ ಲಾರಿಗೆ ಹಾಕಿಕೊಂಡು ಹೋದರು" ಎನ್ನುತ್ತಿದ್ದ ಅಜ್ಮಲ್. ಅವರಿಬ್ಬರು ಪಾಕಿಸ್ತಾನದ ಪೇಶಾವರಕ್ಕೆ ಬಂದರು, ಅಲ್ಲಿಂದ ಮೂರು ವರ್ಷದ ಮೇಲೆ ಇಲ್ಲಿಗೆ. ಇಲ್ಲಿ ಅಜ್ಮಲ್‌ಗೆ ಒಂದು ಬೇಕರಿಯಲ್ಲಿ ಕೆಲಸ. ಬೀಬೀ ಗುಲ್ ಮಾತ್ರ ಹೊರಡಲಿಲ್ಲ. ಮನೆ ಇದೆ, ಗಂಡನ ಗೋರಿ ಇದೆ, ಹಿತ್ತಲಲ್ಲಿ ಹಿಪ್ಪುನೇರಳೆ ಮರ ಇದೆ ಎಂದು ಕೂತುಬಿಟ್ಟರು. ಅದಾದ ಮರುವರ್ಷ ತಾಲಿಬಾನಿಗಳು ಊರು ಹಿಡಿದರು.

ಬೀಬೀ ಗುಲ್‌ಗೆ ಓದು ಬರಹ ಬರುವುದಿಲ್ಲ. ಕಾಗದದ ಬದಲು ಕ್ಯಾಸೆಟ್ಟು ಕಳಿಸುತ್ತಿದ್ದರು. ಆಗಸ್ಟಿನ ಒಂದು ಭಾನುವಾರ ಲತೀಫಾ ನನ್ನನ್ನು ಕೈಹಿಡಿದು ಎಳೆದುಕೊಂಡು ಹೋಗಿ ತನ್ನ ಅಡುಗೆಮನೆಯಲ್ಲಿ ಕೂರಿಸಿದಳು. ಒಣಗಿಸಿದ ಹಿಪ್ಪುನೇರಳೆ ಹಣ್ಣಿನ ಚೀಲದೊಳಗೆ ಹುದುಗಿ ಬಂದಿದ್ದ ಕ್ಯಾಸೆಟ್ಟನ್ನು ಹಾಕಿದಳು. ಕಾಬೂಲಿನಿಂದ ಬರುತ್ತಿದ್ದವುಗಳ ಹಾಗೆಯೇ ಇದರ ಮೇಲಿನ ಚೀಟಿಯಲ್ಲೂ ಯಾವುದೋ ಮೌಲ್ವಿಯ ಪ್ರವಚನ ಎಂದು ಬರೆದಿತ್ತು. ಹಾಡಿನ ಕ್ಯಾಸೆಟ್ಟು ಸಿಕ್ಕಿದರೆ ತಾಲಿಬಾನಿಗಳು ಅದರ ಟೇಪು ಎಳೆದು ಗೇಟಿನ ಕಂಬಕ್ಕೆ ತೋರಣದ ಹಾಗೆ ಕಟ್ಟುತ್ತಿದ್ದರಂತೆ. ಬೀಬೀ ಗುಲ್ ಮಾತಾಡುತ್ತ ಹೋದರು, ಲತೀಫಾ ನಿಲ್ಲಿಸಿ ನಿಲ್ಲಿಸಿ ಹಿಂದಿಯಲ್ಲಿ ಹೇಳುತ್ತ ಹೋದಳು.

"ನಾನೀಗ ಪೇಶಾವರದಲ್ಲಿದ್ದೇನೆ, ಆದ್ದರಿಂದ ಜೋರಾಗಿ ಮಾತಾಡುತ್ತೇನೆ. ಎರಡು ವರ್ಷ ಕಿಟಕಿಗೆಲ್ಲ ಕಪ್ಪು ಬಣ್ಣ ಬಳಿದುಕೊಂಡು ಕೂತಿದ್ದೆ. ಹೆಂಗಸು ಹೊರಗಿನವರಿಗೆ ಕಾಣಬಾರದಂತೆ. ನನಗೆ ಅರವತ್ತೇಳು, ನನ್ನನ್ನು ನೋಡಿ ಯಾರು ಕೆಡಬೇಕು? ನಷ್ಟ ನನಗೇ ಆಯಿತು, ಪಕ್ಕದ ಮನೆಯಲ್ಲಿ ಯಾರು ಯಾರಿಗೆ ಬೈಯುತ್ತಾರೆಂದು ಕಾಣುತ್ತಿರಲಿಲ್ಲ. ರೇಡಿಯೋ ಹಿಟ್ಟಿನ ಡಬ್ಬದಲ್ಲಿ ಇಟ್ಟಿದ್ದೆ. ಮೆಲ್ಲಗೆ ಹಾಕಿ ವಾರ್ತೆ ಕೇಳಬೇಕಾದರೆ ತಲೆಯನ್ನೂ ಡಬ್ಬದೊಳಗೆ ಹಾಕಬೇಕು. ವಾರ್ತೆ ಕೆಟ್ಟದಿದ್ದ ದಿನವೂ ಮುಖ ಬೆಳ್ಳಗೆ ಹೊಳೆಯುತ್ತಿತ್ತು. ಒಬ್ಬಳೇ ಅಂಗಡಿಗೆ ಹೋಗುವ ಹಾಗಿಲ್ಲ, ಜೊತೆಗೆ ಮನೆಯ ಗಂಡಸು ಬೇಕು. ಇದ್ದ ಒಬ್ಬ ಗಂಡಸು ಅಮೆರಿಕದಲ್ಲಿ ರೊಟ್ಟಿ ಸುಡುತ್ತಾನೆ. ಇರಲಿ. ಲತೀಫಾ, ನೀನು ಅಲ್ಲಿ ಬಸ್ಸು ಓಡಿಸುತ್ತೇನೆ ಎಂದು ಹೇಳಿ ಕಳಿಸಿದ್ದನ್ನು ನಾಲ್ಕು ಸಲ ಕೇಳಿದೆ. ಮುಂದಿನ ಸೀಟು ನನಗೇ ಎಂದೆಯಲ್ಲ. ಅದಕ್ಕೇ ಹೊರಟೆ. ಅಕ್ಟೋಬರ್ ಎಂಟಕ್ಕೆ ಲಾಸ್ ಏಂಜಲಿಸ್ ಎನ್ನುತ್ತಿದ್ದಾರೆ. ನೀನೇ ಬರಬೇಕು. ಅಜ್ಮಲ್ ಯಾರದೋ ಗಾಡಿ ಹಿಡಿದು ಬಂದರೆ ನಾನು ಹಾಗೇ ವಿಮಾನದಲ್ಲಿ ವಾಪಸು."

ಲತೀಫಾ ಕ್ಯಾಸೆಟ್ಟು ನಿಲ್ಲಿಸಿದಳು. ಅಜ್ಮಲ್ ಒಲೆಯ ಕಡೆ ತಿರುಗಿ ಚಹಾ ಸೋಸುತ್ತಿದ್ದ. ಸೋಸುವಾಗ ಅಷ್ಟು ಗಮನ ಯಾರೂ ಕೊಡುವುದಿಲ್ಲ.

"ನೀನು ಬಸ್ಸು ಓಡಿಸುತ್ತೀಯಾ?" ಎಂದೆ ನಾನು.

"ಎಲ್ಲಿಯ ಬಸ್ಸು ಸುಗಂಧಿ ಜಾನ್. ನನ್ನ ಹತ್ತಿರ ಲೈಸೆನ್ಸೇ ಇಲ್ಲ. ಆರು ಸಲ ಬನ್ನಿ ಬನ್ನಿ ಎಂದು ಅತ್ತು ಕಳಿಸಿದೆ, ಬರಲಿಲ್ಲ. ಏಳನೆಯ ಸಲ ಈ ಸುಳ್ಳು ಹೇಳಿದೆ. ಬಂದುಬಿಟ್ಟರು."

"ನಾನು ಬೇಡ ಎಂದಿದ್ದೆ" ಎಂದ ಅಜ್ಮಲ್, ಚಹಾಕ್ಕೆ ಹೇಳುವ ಹಾಗೆ.

"ನಿನ್ನ ಮಾತು ಕೇಳಿದ್ದರೆ ಈಗ ನಿನ್ನ ಅಮ್ಮ ಆ ಡಬ್ಬದೊಳಗೇ ಇರುತ್ತಿದ್ದರು."

ಅಂದು ಇನ್ನೊಂದು ವಿಷಯವೂ ತಿಳಿಯಿತು. ಮೂರು ವರ್ಷದಿಂದ ಸ್ಯಾನ್ ಡಿಯಾಗೊದಲ್ಲಿ ಇದ್ದೂ ಲತೀಫಾ ಸಮುದ್ರ ನೋಡಿಲ್ಲ. ಬಂದದ್ದು ರಾತ್ರಿಯ ವಿಮಾನದಲ್ಲಿ. ಆಮೇಲೆ ಅಜ್ಮಲ್ ಕರೆದರೂ ಹೋಗಿಲ್ಲ. ಅತ್ತೆಗಿಂತ ಮೊದಲು ತಾನು ನೋಡಿದರೆ ಸರಿಯಲ್ಲವಂತೆ. ಸಮುದ್ರದ ಸದ್ದು ಕೇಳಿಕೊಂಡೇ ಬೆಳೆದ ಪಡುಬಿದ್ರಿಯವಳು ನಾನು. ಹೀಗೆ ಸಮುದ್ರದ ಜೊತೆ ಮಡಿ ಮಾಡುವವರನ್ನು ನೋಡಿರಲಿಲ್ಲ. "ನಾನು ಕಲಿಸುತ್ತೇನೆ" ಎಂದುಬಿಟ್ಟೆ.

ಶುಕ್ರವಾರ ಬಂದ ಉಮಾನಾಥನಿಗೆ ಹೇಳಿದರೆ ಅವನು ಊಟದ ತಟ್ಟೆ ಸರಿಸಿ ನಕ್ಕ. "ಎಂತ ಮಾರಾಯ್ತಿ, ನೀನು ಕಲಿಸುವುದಾ? ಫ್ರೀವೇ ಅಂದ್ರೆ ಬೆವರುವವಳು ನೀನು. ನಾಲ್ಕು ವರ್ಷ ಆಯ್ತು, ಇನ್ನೂ ಗಲ್ಲಿ ಗಲ್ಲಿ ಸುತ್ತಿಕೊಂಡೇ ಕೆಲಸಕ್ಕೆ ಹೋಗ್ತಿ."

"ಗಲ್ಲಿಯಲ್ಲೇ ಕಲಿಸ್ತೇನೆ. ಅದಕ್ಕೆ ಎಂತ ಕಷ್ಟ?"

"ಅವಳಿಗೆ ಬಸ್ಸು ಓಡಿಸಿ ಗೊತ್ತುಂಟು. ನಿನಗೆ ಕಾರು ಓಡಿಸಿ ಗೊತ್ತಿಲ್ಲ. ಯಾರು ಯಾರಿಗೆ ಕಲಿಸುವುದಂತ ಮೊದಲು ತೀರ್ಮಾನ ಮಾಡಿ."

ಅವನು ಹೇಳಿದ್ದರಲ್ಲಿ ಸತ್ಯವಿತ್ತು. ಲತೀಫಾ ಬರಹದ ಪರೀಕ್ಷೆಯನ್ನು ಫಾರ್ಸಿಯಲ್ಲಿ ಬರೆದು ಒಂದೇ ಸಲಕ್ಕೆ ಕಲಿಯುವವರ ಪರ್ಮಿಟ್ ತೆಗೆದುಕೊಂಡಳು. ನನ್ನ ಹಳೆಯ ಕೊರೊಲಾದಲ್ಲಿ ಮೊದಲ ಸಲ ಕೂತಾಗ ಅದರ ಸ್ಟಿಯರಿಂಗನ್ನು ಆಟದ ಸಾಮಾನು ನೋಡಿದ ಹಾಗೆ ನೋಡಿದಳು. ಕೈ ಗಟ್ಟಿ, ಕಾಲು ಹಗುರ, ಕನ್ನಡಿ ನೋಡುವುದರಲ್ಲಿ ನನಗಿಂತ ಚುರುಕು. ತೊಂದರೆ ಬೇರೆಯೇ ಇತ್ತು. ಮೀರಾ ಮೆಸಾ ಬುಲೆವಾರ್ಡಿಗೆ ಬಂದ ಕೂಡಲೇ ಕಾರು ಮೆಲ್ಲಗೆ ಪಕ್ಕಕ್ಕೆ ಸರಿದು, ಬಸ್ ಸ್ಟಾಪಿನ ಎದುರು ಒಂದಿಂಚೂ ಹೆಚ್ಚು ಕಡಿಮೆಯಾಗದೆ ನಿಂತಿತು.

"ಯಾಕೆ ನಿಲ್ಲಿಸಿದೆ?"

"ಸ್ಟಾಪು."

"ನಾವು ಬಸ್ಸಲ್ಲ."

"ಗೊತ್ತು. ಕಾಲಿಗೆ ಗೊತ್ತಿಲ್ಲ."

ಮುಂದಿನ ಸ್ಟಾಪಿನಲ್ಲೂ ಅದೇ ಆಯಿತು, ಅದರ ಮುಂದಿನದರಲ್ಲೂ. ಹನ್ನೊಂದು ವರ್ಷ ದಿನಕ್ಕೆ ನೂರಾರು ಸಲ ಮಾಡಿದ ಕೆಲಸ, ಕಾಲಿನ ಮೂಳೆಗೆ ಇಳಿದಿತ್ತು. ನಾಲ್ಕನೆಯ ಸ್ಟಾಪಿನಲ್ಲಿ ತರಕಾರಿ ಚೀಲ ಹಿಡಿದು ನಿಂತಿದ್ದ ಒಬ್ಬ ಫಿಲಿಪಿನೋ ಅಜ್ಜಿ ನಮ್ಮ ಕಾರಿನ ಹಿಂದಿನ ಬಾಗಿಲು ತೆರೆದು, ಥ್ಯಾಂಕ್ಯೂ ಎಂದು ಹೇಳಿ, ಕೂತೇಬಿಟ್ಟರು. ಲತೀಫಾ ನನ್ನ ಮುಖ ನೋಡಿದಳು. ಅಜ್ಜಿಯನ್ನು ಮನೆಯ ಬಾಗಿಲವರೆಗೆ ಬಿಟ್ಟು ಬಂದೆವು. ಅವರು ಕೊಟ್ಟ ನಾಲ್ಕು ಹಾಗಲಕಾಯಿಯಲ್ಲಿ ಎರಡು ನನಗೆ, ಎರಡು ಅವಳಿಗೆ.

ಸೆಪ್ಟೆಂಬರ್ ಮೊದಲ ವಾರದ ಡ್ರೈವಿಂಗ್ ಟೆಸ್ಟಿನಲ್ಲಿ ಅವಳು ಫೇಲಾದಳು. ಕೆಂಪು ಬಣ್ಣ ಬಳಿದ, ಬಸ್ಸು ಬಿಟ್ಟು ಬೇರೇನೂ ನಿಲ್ಲಬಾರದ ಜಾಗದಲ್ಲಿ ಎರಡು ಸಲ ಕಾರು ನಿಲ್ಲಿಸಿದ್ದಳು. ಪರೀಕ್ಷೆ ಮಾಡುವವರು ಒಳ್ಳೆಯ ಮನುಷ್ಯ. ಎರಡನೆಯ ಸಲ ನಿಂತಾಗ, ಯಾರಿಗಾದರೂ ಕಾಯುತ್ತಿದ್ದೀರಾ ಎಂದು ಕೇಳಿದರಂತೆ.

ಇದಕ್ಕೆ ಮದ್ದು ಹೊಳೆದದ್ದು ನನಗೇ, ಅಂಗಡಿಯಲ್ಲಿ ಮಾತ್ರೆ ಎಣಿಸುವಾಗ. ನನ್ನ ಅಪ್ಪ ಉಡುಪಿ–ಮಂಗಳೂರು ಓಡುವ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಅವರು ಅಂಗೈಯಿಂದ ಬಸ್ಸಿನ ತಗಡಿಗೆ ಒಂದು ಸಲ ಬಡಿದರೆ ನಿಲ್ಲಬೇಕು, ಎರಡು ಸಲ ಬಡಿದರೆ ಹೋಗಬೇಕು. ಎಂಥ ಡ್ರೈವರಾದರೂ ಆ ಎರಡು ಪೆಟ್ಟು ಕೇಳಿದರೆ ಸ್ಟಾಪಿನಲ್ಲಿ ಅರೆಕ್ಷಣ ನಿಲ್ಲುತ್ತಿರಲಿಲ್ಲ. ಕಾಬೂಲಿನಲ್ಲಿ ಹೇಗೆ ಎಂದು ಕೇಳಿದೆ. "ಅಲ್ಲೂ ಬಡಿಯುವುದೇ" ಎಂದಳು ಲತೀಫಾ. "ಒಂದಕ್ಕೆ ನಿಲ್ಲು, ಎರಡಕ್ಕೆ ಹೋಗು."

ಆ ಶನಿವಾರ ಸ್ಟಾಪು ಹತ್ತಿರ ಬಂದ ಕೂಡಲೇ ನಾನು ಡ್ಯಾಶ್‌ಬೋರ್ಡಿಗೆ ಟಪ್ ಟಪ್ ಎಂದು ಎರಡು ಬಡಿದೆ. ಕಾರು ಸ್ಟಾಪನ್ನು ದಾಟಿ ನೀರಿನ ಹಾಗೆ ಹೋಯಿತು. ಮುಂದಿನದರಲ್ಲಿ ಟಪ್ ಟಪ್, ಹೋಯಿತು. ಬುಲೆವಾರ್ಡಿನ ಈ ತುದಿಯಿಂದ ಆ ತುದಿಗೆ ಒಂದು ಸಲವೂ ನಿಲ್ಲದೆ ಹೋಗಿ ಬಂದೆವು. ಕೆಂಪು ದೀಪಕ್ಕೆ ಒಂದು ಬಡಿತ, ಹಸಿರಿಗೆ ಎರಡು. ಹಿಂದಿನ ಸೀಟಿನಲ್ಲಿದ್ದ ನವ್ಯಾ, "ಯೂ ಗೈಸ್ ಆರ್ ಸೋ ವಿಯರ್ಡ್" ಎಂದಳು. ಅಪ್ಪ ಬದುಕಿದ್ದರೆ ನನಗೊಂದು ಖಾಕಿ ಅಂಗಿ ಹೊಲಿಸಿಕೊಡುತ್ತಿದ್ದರು. ಎರಡು ವಾರದಲ್ಲಿ ಲತೀಫಾ ಎಂಥ ಡ್ರೈವರ್ ಆದಳೆಂದರೆ ನನಗೆ ಹೊಟ್ಟೆಕಿಚ್ಚಾಯಿತು.

ಎರಡನೆಯ ಟೆಸ್ಟಿಗೆ ನಾವು ಮಿಠಾಯಿ ಕಟ್ಟಿಕೊಂಡು ಹೋದೆವು. ಹತ್ತು ನಿಮಿಷದಲ್ಲಿ ಕಾರು ವಾಪಸು ಬಂತು. ಇಳಿದ ಪರೀಕ್ಷಕರು, ಈ ಸಲ ಬೇರೆಯವರು, ಕುತ್ತಿಗೆ ಉಜ್ಜಿಕೊಳ್ಳುತ್ತಿದ್ದರು. ನಾನು ಲತೀಫಾಳ ಪಕ್ಕ ಕೂತು ಬಾಗಿಲು ಹಾಕಿಕೊಂಡೆ.

"ಏನಾಯಿತು?"

"ಮೊದಲನೆಯ ಸ್ಟಾಪು ಬಂತು. ಅವನು ಬಡಿಯಲಿಲ್ಲ. ನಾನು ಕಾದೆ."

"ಅವರು ಯಾಕೆ ಬಡಿಯುತ್ತಾರೆ ಲತೀಫಾ?"

"ನನಗೇನು ಗೊತ್ತು. ನೀನು ಬಡಿಯುತ್ತಿದ್ದೆಯಲ್ಲ. ಆಮೇಲೆ ಹೇಗೋ ಹೊರಟೆ. ದೊಡ್ಡ ರಸ್ತೆಗೆ ಬಂದೆ, ನಲವತ್ತರಲ್ಲಿ ಹೋಗುತ್ತಿದ್ದೆ, ಎಲ್ಲ ಚೆನ್ನಾಗಿತ್ತು. ಅವನು ಏನೋ ಬರೆದುಕೊಂಡು ಪೆನ್ನನ್ನು ಕಾಗದ ಸಿಕ್ಕಿಸಿದ್ದ ಹಲಗೆಗೆ ಬಡಿದ. ಒಂದು ಸಲ."

"ನಿಲ್ಲಿಸಿದೆಯಾ?"

"ಪೂರ್ತಿ" ಎಂದಳು ಲತೀಫಾ.

ತಪ್ಪು ನನ್ನದೇ. ಅವಳ ಕಾಲಿಗೆ ಅಂಟಿದ ಒಂದು ಚಟ ಬಿಡಿಸಲು ಹೋಗಿ ಅದರ ಮೇಲೆ ನಮ್ಮೂರಿನ ಇನ್ನೊಂದನ್ನು ಹತ್ತಿಸಿದ್ದೆ. ಇಬ್ಬರೂ ಮಿಠಾಯಿ ಪೊಟ್ಟಣ ಬಿಚ್ಚಿ ಅಲ್ಲೇ ಪಾರ್ಕಿಂಗಿನಲ್ಲಿ ಕೂತು ತಿಂದೆವು. ಅವಳಿಗೆ ನಗು ಬಂತು, ನನಗೂ ಬಂತು. ನಗುತ್ತಿದ್ದ ಹಾಗೇ ಅವಳ ಮುಖ ಬೇರೆಯಾಯಿತು. ಒಳಗಿನಿಂದ ಕೊಟ್ಟಿದ್ದ ಚೀಟಿಯಲ್ಲಿ ಮೂರನೆಯ ಟೆಸ್ಟಿನ ದಿನ ಅಕ್ಟೋಬರ್ ಹದಿನಾಲ್ಕು ಎಂದಿತ್ತು. ಬೀಬೀ ಗುಲ್ ಬರುವುದು ಎಂಟಕ್ಕೆ.

ಅಂದು ಫೋನಿನಲ್ಲಿ ಉಮಾನಾಥ ಒಳ್ಳೆಯ ಮನಸ್ಸಿನಿಂದಲೇ ಹೇಳಿದ. "ನಾನು ಸ್ಯಾನ್ ಪೀಡ್ರೊದಲ್ಲೇ ಇರ್ತೇನಲ್ಲ. ಏರ್‌ಪೋರ್ಟ್ ಎಷ್ಟು ದೂರ ಉಂಟು? ನಾನೇ ಕರ್ಕೊಂಡು ಬರ್ತೇನೆ. ದಾರಿಯಲ್ಲಿ ಸಮುದ್ರವೂ ತೋರಿಸ್ತೇನೆ, ಆಯ್ತಾ?"

ಅದನ್ನು ಹೇಳಲು ನಾನು ಎದುರಿನ ಬ್ಲಾಕಿಗೆ ಹೋದೆ. ಲತೀಫಾ ಪೂರ್ತಿ ಕೇಳಿಸಿಕೊಂಡಳು. "ನಿನ್ನ ಗಂಡನಿಗೆ ದೇವರು ಒಳ್ಳೆಯದು ಮಾಡಲಿ" ಎಂದಳು. "ಕಾಬೂಲಿನಲ್ಲಿ ಕೆಲಸದ ಮೊದಲ ದಿನ ನಾನು ಮೊದಲ ಟ್ರಿಪ್ಪು ಹೊರಟಾಗ ಹಿಂದಿನಿಂದ ಗಂಡಸರು ಏನೇನೋ ಹೇಳುತ್ತಿದ್ದರು. ಬೀಬೀ ಜಾನ್ ಅಲ್ಲಿ ಕೂತಿಲ್ಲದಿದ್ದರೆ ಎರಡನೆಯ ಸ್ಟಾಪಿನಲ್ಲೇ ಇಳಿದು ಮನೆಗೆ ಓಡುತ್ತಿದ್ದೆ. ಅಂಥವರು ಈಗ ಊರು ಬಿಟ್ಟು ಬರುತ್ತಿರುವುದು ನಾನು ಹೇಳಿದ ಸುಳ್ಳನ್ನು ನಂಬಿ. ಅದರಲ್ಲಿ ಅರ್ಧವಾದರೂ ನಿಜವಾಗಬೇಡವೇ?"

ನಾನು ಡ್ರೈವಿಂಗ್ ಕೈಪಿಡಿ ತೆಗೆದು ಓದಿದೆ. ಪರ್ಮಿಟ್ ಇದ್ದವರು ಓಡಿಸಬಹುದು, ಪಕ್ಕದ ಸೀಟಿನಲ್ಲಿ ಲೈಸೆನ್ಸ್ ಇರುವ ಒಬ್ಬರು ಕೂತಿರಬೇಕು. ಎಲ್ಲಿಯವರೆಗೆ ಓಡಿಸಬಹುದು ಎಂದು ಬರೆದಿರಲಿಲ್ಲ. ಲಾಸ್ ಏಂಜಲಿಸಿಗೆ ನೂರಿಪ್ಪತ್ತು ಮೈಲಿ, ಎಲ್ಲವೂ ಫ್ರೀವೇ, ಕಾರುಗಳು ಅರವತ್ತು ಎಪ್ಪತ್ತರಲ್ಲಿ ಹಾರುವ ಹೆದ್ದಾರಿ. ಪಕ್ಕದಲ್ಲಿ ಕೂರಬೇಕಾದವಳು ಯಾರೆಂದು ಕೈಪಿಡಿ ನನ್ನನ್ನೇ ಕೇಳುವ ಹಾಗಿತ್ತು. ಅಂಗಡಿಯಲ್ಲಿ ಗುರುವಾರ ರಜೆ ಕೇಳಿದೆ.

ಎಂಟನೆಯ ತಾರೀಖು ಬೆಳಗ್ಗೆ ಅಜ್ಮಲ್ ಬೇಕರಿಯಿಂದ ನೇರ ಬಂದ, ರೆಪ್ಪೆಯ ಮೇಲೆಲ್ಲ ಹಿಟ್ಟು. ಶಾಲೆಗೆ ಹೊರಟಿದ್ದ ನವ್ಯಾಳ ಕೈಗೆ ಒಂದು ಚೊಂಬು ನೀರು ಕೊಟ್ಟು, ಕಾರು ಹೊರಟ ಮೇಲೆ ಹಿಂದಿನಿಂದ ಚೆಲ್ಲಬೇಕು, ಹೋದವರು ಬೇಗ ಮರಳುತ್ತಾರೆ ಎಂದು ವಿವರಿಸಿದ.

"ಅಮ್ಮಾ, ವೈ ಆಮ್ ಐ ವಾಟರಿಂಗ್ ದ ರೋಡ್?"

"ಅಂಕಲ್ ಹೇಳಿದ್ರಲ್ಲ, ಚೆಲ್ಲು. ನಾವು ವಾಪಸ್ ಬರುವುದು ಬೇಡ್ವಾ ನಿನಗೆ?"

ಅವಳು ಚೆಲ್ಲಿದಳು. ಅರ್ಧ ನೀರು ಕಾರಿನ ಗಾಜಿಗೆ, ಅರ್ಧ ಅವಳ ಶೂಗೆ.

ಫ್ರೀವೇಗೆ ಏರುವ ರ‍್ಯಾಂಪಿನಲ್ಲಿ ನಾನು ಕಣ್ಣು ಮುಚ್ಚಿ, ಪಡುಬಿದ್ರಿಯ ಗಣಪತಿಯಿಂದ ಶುರುಮಾಡಿ ಗೊತ್ತಿದ್ದ ದೇವರನ್ನೆಲ್ಲ ಕರೆದೆ. ಕಣ್ಣು ತೆರೆದಾಗ ಲತೀಫಾ ಅರವತ್ತರಲ್ಲಿ ಆರಾಮಾಗಿ ಹೋಗುತ್ತಿದ್ದಳು, ಒಂದು ಕೈಯಿಂದ ಕನ್ನಡಿ ಸರಿಮಾಡುತ್ತ.

"ನಿನಗೆ ಹೆದರಿಕೆ ಇಲ್ಲವಾ?"

"ಯಾಕೆ? ಇಲ್ಲಿ ಸ್ಟಾಪೇ ಇಲ್ಲವಲ್ಲ."

ನನಗೆ ಅದು ಹೊಳೆದಿರಲಿಲ್ಲ. ಫ್ರೀವೇಯಲ್ಲಿ ಬಸ್ ಸ್ಟಾಪು ಇಲ್ಲ. ಅವಳ ಪಾಲಿಗೆ ಇದಕ್ಕಿಂತ ಸಲೀಸಾದ ರಸ್ತೆ ಇಲ್ಲ. ಓಶನ್‌ಸೈಡ್ ದಾಟಿದ ಮೇಲೆ ಎಡಕ್ಕೆ ಸಮುದ್ರ ಕಾಣತೊಡಗಿತು. "ಲತೀಫಾ, ಎಡಕ್ಕೆ ನೋಡಬೇಡ" ಎಂದೆ. ಇಪ್ಪತ್ತು ಮೈಲಿ ಅವಳು ಕತ್ತು ಬಿಗಿಹಿಡಿದು ಎದುರೇ ನೋಡಿದಳು. ಹಿಂದೆ ಅಜ್ಮಲ್ ಬಾಯಿ ತೆರೆದು ನಿದ್ದೆ.

ತೊಂದರೆ ಬಂದದ್ದು ಅರ್ವೈನಿನ ಹತ್ತಿರ. ಹೊರಟಾಗಿನಿಂದ ಅವಳು ಹಿಡಿದ ಲೇನ್ ಬಿಟ್ಟಿರಲಿಲ್ಲ. ಅದು ನಮ್ಮನ್ನು ಹಾಗೇ ಹೊರಗೆ ತೆಗೆದುಕೊಂಡು ಹೋಗಿ ಯಾವುದೋ ಮಾಲಿನ ಎದುರು ಬಿಟ್ಟಿತು. ಸುತ್ತಿ ಬಂದು ಮತ್ತೆ ಹತ್ತಿದೆವು. ಹತ್ತು ಮೈಲಿಯ ಮೇಲೆ ಇನ್ನೊಂದು ಲೇನ್ ಅದೇ ಕೆಲಸ ಮಾಡಿತು. ವಿಮಾನಕ್ಕೆ ಇನ್ನು ಒಂದೂವರೆ ಗಂಟೆ.

"ಲೇನ್ ಬದಲಿಸು ಲತೀಫಾ. ಎಡಕ್ಕೆ ಜಾಗ ಇದೆ."

"ಬದಲಿಸಿದರೆ ಕೋಲು ಜಾರುತ್ತದೆ" ಎಂದಳು. ಹೇಳಿ ಮುಗಿಸಿದ ಮೇಲೆ ಅವಳಿಗೇ ಕೇಳಿಸಿತು.

ಹಿಂದಿನ ಸೀಟಿನಲ್ಲಿ ಎಚ್ಚರವಾಗಿದ್ದ ಅಜ್ಮಲ್ ಮುಂದೆ ಬಾಗಿದ. ಗಾಜಿನಿಂದ ತಲೆಯೆತ್ತಿ ಮೇಲೆ ನೋಡಿದ, ಕೆಲಸದವನ ಹಾಗೆ ಆ ಕಡೆ ಈ ಕಡೆ ಪರೀಕ್ಷೆ ಮಾಡಿದ. "ತಂತಿ ಇಲ್ಲ. ನಾನು ನೋಡಿದೆ. ಹೋಗು" ಎಂದ.

ಲತೀಫಾ ಇಂಡಿಕೇಟರ್ ಹಾಕಿ ಎಡಕ್ಕೆ ಸರಿದಳು. ಏನೂ ಜಾರಲಿಲ್ಲ. ಇನ್ನೊಮ್ಮೆ ಸರಿದಳು. ಆಮೇಲೆ ಲಾಂಗ್ ಬೀಚ್ ದಾಟುವವರೆಗೆ ಅಗತ್ಯ ಇರಲಿ ಬಿಡಲಿ ಎಷ್ಟು ಸಲ ಸರಿದಳೆಂದರೆ, ಸಾಕು ಮಾರಾಯ್ತಿ ಎಂದು ನಾನು ಕನ್ನಡದಲ್ಲೇ ಹೇಳಬೇಕಾಯಿತು.

ಏರ್‌ಪೋರ್ಟಿನಲ್ಲಿ ಬೀಬೀ ಗುಲ್ ಗಾಲಿಕುರ್ಚಿಯಲ್ಲಿ ಹೊರಗೆ ಬಂದರು. ಬೂದು ಶಾಲು, ಮಡಿಲಲ್ಲಿ ಕಾಗದಪತ್ರದ ಬಿಳಿ ಪ್ಲಾಸ್ಟಿಕ್ ಚೀಲ. ಧ್ವನಿಗೆ ಹೋಲಿಸಿದರೆ ತುಂಬ ಸಣ್ಣ ಹೆಂಗಸು. ಅಜ್ಮಲ್ ಅಮ್ಮನ ಮಡಿಲಲ್ಲಿ ಮುಖ ಇಟ್ಟು ಅತ್ತ. ಬೀಬೀ ಗುಲ್ ಅವನ ತಲೆ ತಟ್ಟಿ, ಕೂದಲಲ್ಲಿದ್ದ ಹಿಟ್ಟು ಕೊಡವಿ, ಸೊಸೆಯ ಕಡೆ ನೋಡಿದರು. ಅವರ ಮಾತನ್ನೆಲ್ಲ ಅಜ್ಮಲ್ ನನಗೆ ಹಿಂದಿಯಲ್ಲಿ ಹೇಳುತ್ತಿದ್ದ.

"ಬಸ್ಸು ಎಲ್ಲಿ?"

ಲತೀಫಾ ಕುರ್ಚಿಯ ಎದುರು ಮಂಡಿಯೂರಿದಳು. "ಬಸ್ಸಿಲ್ಲ ಬೀಬೀ ಜಾನ್. ಕಾರು. ಅದೂ ಇವಳದು. ನಾನಿಲ್ಲಿ ಪ್ಯಾಂಟಿನ ಕಾಲು ಹೊಲಿಯುತ್ತೇನೆ. ನನಗೆ ಲೈಸೆನ್ಸೂ ಇಲ್ಲ. ಎರಡು ಸಲ ಫೇಲಾದೆ. ನೀವು ಬರಲಿ ಎಂದು ಸುಳ್ಳು ಹೇಳಿದೆ."

ಬೀಬೀ ಗುಲ್ ಮಗನ ಕಡೆ ತಿರುಗಿದರು. "ನಿನಗೆ ಗೊತ್ತಿತ್ತೇ?"

"ಗೊತ್ತಿತ್ತು ಅಮ್ಮ."

"ನೀನು ರೊಟ್ಟಿಯನ್ನಾದರೂ ಸುಡುತ್ತೀಯೋ, ಅದೂ ಸುಳ್ಳೋ?"

"ಸುಡುತ್ತೇನೆ ಅಮ್ಮ."

"ಸರಿ. ನಾನೂ ಒಂದು ಹೇಳಿದ್ದೇನೆ" ಎಂದರು ಬೀಬೀ ಗುಲ್. "ಮಂಡಿ ಚೆನ್ನಾಗಿದೆ ಎಂದು ಕ್ಯಾಸೆಟ್ಟಿನಲ್ಲಿ ಹೇಳುತ್ತಿದ್ದೆನಲ್ಲ, ಚೆನ್ನಾಗಿಲ್ಲ. ಕಳೆದ ವರ್ಷ ಈರುಳ್ಳಿ ತರಲು ಒಬ್ಬಳೇ ಹೋಗಿದ್ದೆ. ಒಬ್ಬ ಹುಡುಗ, ಗಡ್ಡ ಇನ್ನೂ ಸರಿಯಾಗಿ ಬಂದಿಲ್ಲ, ಕಬ್ಬಿಣದ ಕೇಬಲ್ಲಿನಿಂದ ಕಾಲಿಗೆ ಹೊಡೆದ. ಜೊತೆಗೆ ಗಂಡಸು ಎಲ್ಲಿ ಎಂದ. ನೀನೇ ಬಾರಪ್ಪ, ಚೀಲ ಹಿಡಿ ಎಂದೆ. ಅದಕ್ಕೆ ಇನ್ನೂ ಎರಡು. ಈರುಳ್ಳಿಯನ್ನು ಮಾತ್ರ ಬಿಡಲಿಲ್ಲ."

ಲತೀಫಾ ಅವರ ಎರಡೂ ಮಂಡಿಯ ಮೇಲೆ ಕೈ ಇಟ್ಟುಕೊಂಡು ಕೂತೇ ಇದ್ದಳು. ಪಕ್ಕದಲ್ಲಿ ಯಾರೋ ಹೂವು ಹಿಡಿದು ಇನ್ಯಾರಿಗೋ ಕಾಯುತ್ತಿದ್ದರು.

"ಏಳು" ಎಂದರು ಬೀಬೀ ಗುಲ್. "ಮರಳಿನ ಮೇಲೆ ನನಗೆ ನಡೆಯಲಾಗುವುದಿಲ್ಲ. ಆದರೆ ನೀನು ನಡೆಸುತ್ತೇನೆ ಎಂದಿರಲಿಲ್ಲ, ಓಡಿಸಿಕೊಂಡು ಹೋಗುತ್ತೇನೆ ಎಂದಿದ್ದೆ. ಇಲ್ಲಿಯವರೆಗೆ ಕಾರು ಯಾರು ಓಡಿಸಿದ್ದು?"

"ನಾನೇ."

"ಹಾಗಾದರೆ ಸಾಕು. ಇವಳು ಯಾರು?"

"ಇವಳು ನನ್ನ ಕಂಡಕ್ಟರ್" ಎಂದಳು ಲತೀಫಾ.

ಬೀಬೀ ಗುಲ್ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಕಾರಿನ ಹತ್ತಿರ ಬಂದಾಗ ಮುಂದಿನ ಬಾಗಿಲಿನ ಹಿಡಿಯನ್ನು ತಾವೇ ಹಿಡಿದುಕೊಂಡರು. "ಕಂಡಕ್ಟರ್ ಹಿಂದೆ ಇರಬೇಕು. ಮುಂದಿನ ಸೀಟು ನನ್ನದು."

"ಆಗುವುದಿಲ್ಲ ಬೀಬೀ ಜಾನ್. ಇಲ್ಲಿಯ ಕಾನೂನು."

"ಕಾನೂನೇ? ನಾನು ಕಾನೂನನ್ನೆಲ್ಲ ಅಲ್ಲಿ ಬಿಟ್ಟು ಬಂದೆ ಎಂದುಕೊಂಡಿದ್ದೆ. ಇಲ್ಲಿಯೂ ಹೆಂಗಸು ಓಡಿಸಬಾರದೇ?"

"ಹಾಗಲ್ಲ. ಕಲಿಯುವ ಹೆಂಗಸಿನ ಪಕ್ಕ ಕಲಿತ ಹೆಂಗಸು ಕೂರಬೇಕು ಎಂದು ಕಾನೂನು."

ಬೀಬೀ ಗುಲ್ ಯೋಚಿಸಿದರು. "ಒಳ್ಳೆಯ ಕಾನೂನು" ಎಂದು ಬಾಗಿಲು ಬಿಟ್ಟರು. "ಕೂರಲಿ."

ಅವರನ್ನು ಹಿಂದಿನ ಸೀಟಿನ ನಡುವೆ ಕೂರಿಸಿದೆವು. ತಲೆಯನ್ನು ನಮ್ಮಿಬ್ಬರ ನಡುವೆ ತೂರಿಸಿಕೊಂಡು ಕೂತರು. ಉಮಾನಾಥ ಫೋನಿನಲ್ಲಿ ಹೇಳಿದ್ದ ದಾರಿ ಸುಲಭವಾಗಿತ್ತು: ಇಂಪೀರಿಯಲ್ ಹೆದ್ದಾರಿಯಲ್ಲಿ ಪಶ್ಚಿಮಕ್ಕೆ, ರಸ್ತೆ ಮುಗಿಯುವವರೆಗೆ. ಅದು ಫ್ರೀವೇ ಅಲ್ಲ, ಅಲ್ಲಿ ಬಸ್ ಸ್ಟಾಪು ಇತ್ತು. ನಾನು ಕೈಯನ್ನು ಮಡಿಲಲ್ಲೇ ಇಟ್ಟುಕೊಂಡೆ. ಮೊದಲನೆಯದರ ಎದುರು ಕಾರು ಕೊಂಚ ಮೆಲ್ಲಗಾಯಿತು.

"ಇಲ್ಲಿ ಯಾರೂ ಹತ್ತುವವರಿಲ್ಲ" ಎಂದರು ಬೀಬೀ ಗುಲ್ ಹಿಂದಿನಿಂದ. "ನಡೆ."

ಕಾರು ಸ್ಟಾಪು ದಾಟಿತು. ಆಮೇಲಿನವುಗಳನ್ನು ಯಾರೂ ಏನೂ ಹೇಳದೆಯೇ ದಾಟಿತು. ವಿಮಾನಗಳು ನಮ್ಮ ಪಕ್ಕದಿಂದಲೇ ಎದ್ದು ಮುಂದೆ ಹೋಗುತ್ತಿದ್ದವು. ರಸ್ತೆ ಇಳಿಯಿತು, ಪಾರ್ಕಿಂಗಿನ ಗೇಟು ಬಂತು, ಲತೀಫಾ ನಿಧಾನವಾಗಿ ಕೊನೆಯ ಸಾಲಿಗೆ ಹೋಗಿ ಮರಳಿನ ಅಂಚಿಗೆ ಕಾರಿನ ಮೂತಿ ತಾಗುವ ಹಾಗೆ ನಿಲ್ಲಿಸಿದಳು. ಎದುರಿನ ಗಾಜಿನ ತುಂಬ ಸಮುದ್ರ.

ಅವಳು ಸ್ಟಿಯರಿಂಗಿನಿಂದ ಕೈ ತೆಗೆಯಲಿಲ್ಲ. ಅವಳೂ ಈಗಲೇ ನೋಡುತ್ತಿರುವುದು ಎಂದು ನನಗೆ ಆಗ ನೆನಪಾಯಿತು.

ಬೀಬೀ ಗುಲ್ ಗಾಜಿನ ಕಡೆ ಇನ್ನಷ್ಟು ಬಾಗಿ ಕೇಳಿದರು. "ಆ ಕಡೆಯ ದಡ ಎಲ್ಲಿ?"

"ಇಲ್ಲಿಗೆ ಕಾಣುವುದಿಲ್ಲ" ಎಂದೆ.

"ಇಷ್ಟೂ ನೀರು ಉಪ್ಪಂತೆ, ನಿಜವೇ?"

ಅಜ್ಮಲ್ ಇಳಿದು ಓಡಿ, ಪ್ಯಾಂಟು ಒದ್ದೆ ಮಾಡಿಕೊಂಡು, ಕಾಗದದ ಲೋಟದಲ್ಲಿ ನೀರು ತಂದ. ಅವರು ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿದರು. ಮುಖ ಕಿವುಚಿದರು. ಮತ್ತೆ ಅದ್ದಿ ಮತ್ತೆ ಮುಟ್ಟಿಸಿದರು. ಲೋಟವನ್ನು ಸೊಸೆಗೆ ಕೊಟ್ಟು, ನೀನೂ ನೋಡು ಎಂದರು. ಅವಳೂ ನೋಡಿದಳು. ಅಜ್ಮಲ್ ಬೇಕರಿಯಿಂದ ತಂದ ರೊಟ್ಟಿ ಬಿಚ್ಚಿದ. ನಾಲ್ವರೂ ಕಾರಿನಲ್ಲೇ ಕೂತು ತಿಂದೆವು. ಬೀಬೀ ಗುಲ್ ಒಂದು ತುಂಡು ಬಾಯಿಗೆ ಹಾಕಿಕೊಂಡು, ರೊಟ್ಟಿ ಸುಡುವುದು ನಿಜವೇ, ಸ್ವಲ್ಪ ಹೆಚ್ಚಾಗಿ ಸುಡುತ್ತಾನೆ ಎಂದರು.

ಸಾವಿರದ ಒಂಬೈನೂರ ತೊಂಬತ್ತೆಂಟರ ಅಕ್ಟೋಬರ್ ಎಂಟು, ಗುರುವಾರ ಮಧ್ಯಾಹ್ನ, ಲತೀಫಾ ತಾನೇ ಓಡಿಸಿಕೊಂಡು ಹೋಗಿ ಅತ್ತೆಗೆ ಸಮುದ್ರ ತೋರಿಸಿದಳು. ಕೊಟ್ಟ ಮಾತು ನಡೆಯಿತು.